ಮೊದಲು ದನಿ, ಆಮೇಲೆ ಕ್ಯಾಮೆರಾ: ಕೊಡಗಿನ ಚರ್ಚುಗಳಿಗೊಂದು ಮಾಧ್ಯಮ ಮಾರ್ಗದರ್ಶಿ

ಚರ್ಚಿನಲ್ಲಿ ಮಾಧ್ಯಮದ ಕೆಲಸ ಶುರು ಮಾಡೋಣ ಎಂದು ಯುವಜನರು ಸಭೆ ಕೂತರೆ ಪಟ್ಟಿಯ ಮೊದಲ ಸಾಲಿಗೆ ಬರುವುದು ಕ್ಯಾಮೆರಾ. ಆಮೇಲೆ ಡ್ರೋನ್, ಯೂಟ್ಯೂಬ್ ಚಾನೆಲ್ಲಿಗೊಂದು ಲೋಗೊ. ಮೈಕಿನ ಕೇಬಲ್ ಪಟ್ಟಿಯಲ್ಲೇ ಇರುವುದಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಭಾನುವಾರ ಶೀಟಿನ ಮಾಡಿನ ಮೇಲೆ ಮಳೆ ಸುರಿಯುವಾಗ ಮೂರನೇ ಬೆಂಚಿನಾಚೆ ಕೂತವರಿಗೆ ಬೈಬಲ್ ವಾಚನ ಕೇಳಿಸದಿದ್ದರೆ, ಅದನ್ನೇ ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ ನೋಡಿ ಮಾಡುವುದೇನು?

ಕೊಡಗಿನ ಮಟ್ಟಿಗೆ ಕೆಲಸದ ಕ್ರಮ ಹೀಗಿರಲಿ: ಚರ್ಚಿನೊಳಗೆ ದನಿ ಸರಿಪಡಿಸುವುದು, ಅದನ್ನು ಸ್ವಚ್ಛವಾಗಿ ರೆಕಾರ್ಡ್ ಮಾಡುವುದು, ಫೋನಿಗೆ ಕಳಿಸುವುದು, ಕೊನೆಗೆ ನೇರಪ್ರಸಾರ. ಒಂದು ಮೆಟ್ಟಿಲು ಗಟ್ಟಿಯಾಗದೆ ಇನ್ನೊಂದಕ್ಕೆ ಕಾಲಿಡಬೇಡಿ. ಕರೆಂಟು ಮತ್ತು ಸಿಗ್ನಲ್ ಎರಡೂ ಕೈಕೊಡುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕನೇ ಮೆಟ್ಟಿಲು ಮುರಿದರೂ ಮೊದಲ ಮೂರು ನಿಂತಿರುತ್ತವೆ. ಚಿಕ್ಕ ಚರ್ಚುಗಳು ಮೂರನೆಯದಕ್ಕೇ ನಿಲ್ಲಿಸಿದರೂ ನಷ್ಟವೇನಿಲ್ಲ.

ಒಳಗೆ ಕೇಳಿಸಲಿ

ವಾಚನಪೀಠಕ್ಕೆ ಕರೆಂಟು ಬೇಡದ ಸಾಧಾರಣ ಡೈನಾಮಿಕ್ ಮೈಕ್ ಸಾಕು. ಉದ್ದ ಕತ್ತಿನ ಗೂಸ್‌ನೆಕ್ ಕಂಡೆನ್ಸರ್ ಮೈಕ್ ಇದ್ದರೆ ಮಿಕ್ಸರಿನಲ್ಲಿ (ಎಲ್ಲ ಮೈಕುಗಳ ದನಿ ಕೂಡಿಸಿ ಹದ ಮಾಡುವ ಪೆಟ್ಟಿಗೆ) ಮೈಕಿಗೆ ಕೇಬಲಿನಲ್ಲೇ ಕರೆಂಟು ಕೊಡುವ 48 ವೋಲ್ಟಿನ ಫ್ಯಾಂಟಮ್ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಅದು ಬಾಯಿ ಬಿಡುವುದಿಲ್ಲ. ಕೆಟ್ಟಿತೆಂದು ಮೈಸೂರಿಗೆ ರಿಪೇರಿಗೆ ಕಳಿಸುವ ಮುಂಚೆ ಆ ಗುಂಡಿ ನೋಡಿ.

ಓದುವವರ ಬಾಯಿಗೂ ಮೈಕಿಗೂ ನಾಲ್ಕರಿಂದ ಆರು ಇಂಚು ಅಂತರವಿರಲಿ. ಅಂತರ ದುಪ್ಪಟ್ಟಾದರೆ ಮೈಕಿಗೆ ಸಿಗುವ ದನಿ 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ಆಂಪ್ಲಿಫೈಯರಿನಿಂದ ತುಂಬಿಸಲು ನಾಲ್ಕು ಪಟ್ಟು ಪವರ್ ಬೇಕು, ಅಷ್ಟು ಎತ್ತಿದರೆ ಮೈಕ್ ಕುಯ್ಯೆಂದು ಕೂಗುತ್ತದೆ. ಹಾಗಾಗಿ ವಾಚಕರಿಗೆ ಉಚ್ಚಾರಣೆ ಕಲಿಸುವ ದಿನವೇ ಮೈಕನ್ನು ಬಾಯಿಯ ಎತ್ತರಕ್ಕೆ ಬಗ್ಗಿಸುವುದನ್ನೂ ಕಲಿಸಿ. ಎತ್ತರದ ಯುವಕ ಓದಿಹೋದ ಮೇಲೆ ಬರುವ ಹತ್ತು ವರ್ಷದ ಹುಡುಗಿ ಮೈಕ್ ಮುಟ್ಟಲು ಹೆದರುತ್ತಾಳೆ. ಅವಳ ಓದು ಯಾರಿಗೂ ಕೇಳಿಸುವುದಿಲ್ಲ.

ಗೇನ್ (ಮೈಕಿನ ಸಿಗ್ನಲ್ ಮಿಕ್ಸರಿಗೆ ಬರುವಾಗಲೇ ಎತ್ತುವ ಗುಂಡಿ) ಹೊಂದಿಸುವ ವಿಧಾನ: ಮೇಲೆ ಕೆಳಗೆ ಜಾರಿಸುವ ಫೇಡರನ್ನು 0 ಗುರುತಿಗೆ ತನ್ನಿ, ಓದುವವರಿಗೆ ತಮ್ಮ ದೊಡ್ಡ ದನಿಯಲ್ಲಿ ಒಂದು ಕೀರ್ತನೆ ಓದಲು ಹೇಳಿ, ಕೆಂಪು ದೀಪ ಹೊತ್ತಿಕೊಳ್ಳುವವರೆಗೆ ಗೇನ್ ಏರಿಸಿ, ನಂತರ ದೀಪ ಆರಿ ಇನ್ನೂ ಸ್ವಲ್ಪ ಹಿಂದೆ ಬರುವಷ್ಟು ಇಳಿಸಿ. ತಗ್ಗಿನ ಸದ್ದು ಕತ್ತರಿಸುವ 80 ಹರ್ಟ್ಸ್ ಲೋ ಕಟ್ ಗುಂಡಿ ಇದ್ದರೆ ಮಾತಿನ ಮೈಕುಗಳಿಗೆಲ್ಲ ಅದನ್ನು ಒತ್ತಿ. ಗುಂಯ್‌ಗುಡುವಿಕೆಯೂ ಕಾಲು ತಾಗಿದ ದಡಬಡ ಸದ್ದೂ ಎಷ್ಟೋ ಕಡಿಮೆಯಾಗುತ್ತವೆ.

ತೆರೆದಿಟ್ಟ ಮೈಕುಗಳ ಸಂಖ್ಯೆ ದುಪ್ಪಟ್ಟಾದಂತೆಲ್ಲ, ಕೂಗು ಶುರುವಾಗುವ ಮುನ್ನ ನೀವು ಏರಿಸಬಹುದಾದ ದನಿ 3 ಡೆಸಿಬೆಲ್ ಕುಗ್ಗುತ್ತದೆ. ಪ್ರಸಂಗ (ಗುರುಗಳ ಪ್ರವಚನ) ನಡೆಯುವಾಗ ಗಾಯನವೃಂದದ ನಾಲ್ಕು ಮೈಕೂ ತೆರೆದೇ ಇರುವುದು ತೀರಾ ಸಾಮಾನ್ಯ ತಪ್ಪು. ಮಿಕ್ಸರಿನ ಮುಂದೆ ಕೂತವರ ಮುಖ್ಯ ಕೆಲಸ ಏರಿಸುವುದಲ್ಲ, ಬೇಡದ್ದನ್ನು ಮುಚ್ಚುವುದು.

ಈಗ ಮಳೆಯ ವಿಷಯ. ಶೀಟಿನ ಮೇಲೆ ಜೋರು ಮಳೆ ಬೀಳುವಾಗ ಮುಂದಿನ ಎರಡು ದೊಡ್ಡ ಸ್ಪೀಕರುಗಳನ್ನು ಎತ್ತರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಮುಂದೆ ಕೂತವರ ಕಿವಿ ನೋಯುತ್ತದೆ, ಹಿಂದಿನವರಿಗೆ ಮಳೆಯೇ ಕೇಳುತ್ತದೆ. ಸ್ಪೀಕರನ್ನು ಜನರ ಹತ್ತಿರಕ್ಕೆ ತರುವುದೇ ಇದಕ್ಕೆ ಮದ್ದು. ಎರಡೂ ಪಕ್ಕದ ಗೋಡೆಗಳಿಗೆ ಐದಾರು ಮೀಟರಿಗೊಂದರಂತೆ ಚಿಕ್ಕ ಕಾಲಮ್ ಸ್ಪೀಕರ್ ಹಾಕಿ, ಕೂತವರ ತಲೆಗಿಂತ ಸ್ವಲ್ಪ ಮೇಲಿಟ್ಟು ಕೆಳಮುಖವಾಗಿ ಬಾಗಿಸಿ, ಪ್ರತಿಯೊಂದನ್ನೂ ಮೆಲ್ಲಗೆ ನುಡಿಸಿ. ಚರ್ಚು ಉದ್ದವಿದ್ದರೆ ಹಿಂದಿನ ಸ್ಪೀಕರುಗಳಿಗೆ ಡಿಲೇ (ದನಿಯನ್ನು ಚೂರು ತಡಮಾಡಿ ಬಿಡುವುದು) ಕೊಡಬೇಕು, ಮೀಟರಿಗೆ 3 ಮಿಲಿಸೆಕೆಂಡ್ ಲೆಕ್ಕ. ಮುಂದಿನ ಸ್ಪೀಕರಿನಿಂದ 20 ಮೀಟರ್ ದೂರವಿದ್ದರೆ ಸುಮಾರು 60 ಮಿಲಿಸೆಕೆಂಡ್. ಕೊಡದಿದ್ದರೆ ಒಂದೇ ಪದ ಎರಡು ಸಲ ಕೇಳಿಸುತ್ತದೆ.

ಇಷ್ಟು ಉದ್ದದ ತಂತಿಗೆ 100 ವೋಲ್ಟ್ ಲೈನಿನ ಆಂಪ್ಲಿಫೈಯರ್ ಒಳ್ಳೆಯದು. ಪ್ರತಿ ಸ್ಪೀಕರಿನಲ್ಲೂ ಎಷ್ಟು ಪವರ್ ಎಳೆಯಬೇಕೆಂದು ಆರಿಸಲು 5, 10, 20 ವಾಟ್ ಎಂದು ಟ್ಯಾಪ್ ಇರುತ್ತದೆ. ಎಲ್ಲ ಟ್ಯಾಪುಗಳ ಮೊತ್ತ ಆಂಪ್ಲಿಫೈಯರಿನ ವಾಟಿನ ನೂರಕ್ಕೆ ಎಂಬತ್ತು ಮೀರಬಾರದು. ಯಾರೋ ದಾನ ಕೊಟ್ಟ, ಟ್ಯಾಪ್ ಇಲ್ಲದ 8 ಓಮ್ ಸ್ಪೀಕರನ್ನು ಇದೇ ಲೈನಿಗೆ ಸಿಕ್ಕಿಸಿದರೆ ಸ್ಪೀಕರ್ ಸುಡಬಹುದು, ಆಂಪ್ಲಿಫೈಯರೂ ಹೋಗಬಹುದು. ಶೀಟಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಲು ಹಣವಿದ್ದರೆ ಮೊದಲು ಅದನ್ನೇ ಹಾಕಿಸಿ, ಮಳೆಯ ಸದ್ದಿಗೆ ಯಾವ ಸ್ಪೀಕರೂ ಅದರಷ್ಟು ಕೆಲಸ ಮಾಡದು.

ಕರೆಂಟು, ಸಿಡಿಲು, ತೇವ

ಇನ್ವರ್ಟರ್ ಕೊಳ್ಳುವಾಗ ಪ್ಯೂರ್ ಸೈನ್‌ವೇವ್ ಎಂದೇ ಕೇಳಿ. ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತದೆ, ಆದರೆ ಮಿಕ್ಸರಿನಲ್ಲಿ ಝುಂಯ್ ಎಂಬ ಸದ್ದು ಸೇರಿಕೊಂಡು ರೆಕಾರ್ಡಿಂಗ್ ಹಾಳಾಗುತ್ತದೆ. ಲೆಕ್ಕ ಸುಲಭ: 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅಂದರೆ 1800 ವಾಟ್-ಗಂಟೆ, ನಷ್ಟವೆಲ್ಲ ಕಳೆದು, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಬಳಸಿದರೆ ಸುಮಾರು 1000. ಮಿಕ್ಸರ್ 30 ವಾಟ್, ಆಂಪ್ಲಿಫೈಯರ್ ಸರಾಸರಿ 120, ಲ್ಯಾಪ್‌ಟಾಪ್ 60, ರೌಟರ್ 10 ಸೇರಿ 220 ವಾಟ್. ನಾಲ್ಕು ಗಂಟೆಗೆ ಧಾರಾಳ. ಅದಕ್ಕೇ 250 ವಾಟಿನ ಪ್ರೊಜೆಕ್ಟರನ್ನೂ ಜೋಡಿಸಿದರೆ ಎರಡು ಗಂಟೆಗೆ ಬ್ಯಾಟರಿ ಸುಸ್ತು. ರೌಟರಿಗೆ ಪ್ರತ್ಯೇಕವಾಗಿ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿ. ಇಲ್ಲದಿದ್ದರೆ ಕರೆಂಟು ಕಣ್ಣು ಮಿಟುಕಿಸಿದಾಗಲೆಲ್ಲ ರೌಟರ್ ಮತ್ತೆ ಶುರುವಾಗಲು ಎರಡು ಮೂರು ನಿಮಿಷ ಕಾಯಬೇಕಾಗುತ್ತದೆ.

ಗುಂಯ್‌ಗುಡುವ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಒದ್ದೆ ನೆಲದ ಮೇಲೆ ನಿಂತು ಲೋಹದ ಮೈಕ್ ಹಿಡಿದವರ ಜೀವಕ್ಕೇ ಅಪಾಯ. ಮಿಕ್ಸರ್, ಆಂಪ್ಲಿಫೈಯರ್, ಕೀಬೋರ್ಡು, ಲ್ಯಾಪ್‌ಟಾಪ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಅಷ್ಟಕ್ಕೂ ಸದ್ದು ಹೋಗದಿದ್ದರೆ ಕೀಬೋರ್ಡಿಗೂ ಮಿಕ್ಸರಿಗೂ ನಡುವೆ ಗ್ರೌಂಡ್ ಲಿಫ್ಟ್ (ಸಿಗ್ನಲ್ ತಂತಿಯ ಅರ್ಥನ್ನು ಮಾತ್ರ ಬಿಡಿಸುವ ಗುಂಡಿ) ಇರುವ ಡಿಐ ಬಾಕ್ಸ್ ಹಾಕಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗುಗಳನ್ನೇ ಕೀಳಬೇಕು. ಹೊರಗಿನಿಂದ ಬರುವ ಇಂಟರ್ನೆಟ್ಟಿನ ತಾಮ್ರದ ತಂತಿಯನ್ನೂ ರೌಟರಿನಿಂದ ಬಿಡಿಸಿ. ಪೂಜೆ ಮುಗಿಸಿ ಬೀಗ ಹಾಕುವವರ ಕೆಲಸದ ಪಟ್ಟಿಯಲ್ಲಿ, ದೀಪ ಆರಿಸುವುದರ ಪಕ್ಕದಲ್ಲೇ, ಇದನ್ನೂ ಬರೆದಿಡಿ.

ತೇವದ ಕಾಟ ನಿಧಾನ, ಆದರೆ ಬಿಡುವುದಿಲ್ಲ. ಕಂಡೆನ್ಸರ್ ಮೈಕ್ ಚಟಪಟ ಎನ್ನಲು ಶುರುಮಾಡಿದರೆ ಹೆಚ್ಚಾಗಿ ಅದು ಹಾಳಾಗಿರುವುದಿಲ್ಲ, ಒದ್ದೆಯಾಗಿರುತ್ತದೆ ಅಷ್ಟೆ. ಒಂದು ದಿನ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಕ್ಯಾಮೆರಾ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೆ ಜೇಡರಬಲೆಯಂಥ ಬೂಸ್ಟು ಕಾಣುತ್ತದೆ. ಅಕ್ಕಿ ಡಬ್ಬದಂಥ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್, ನೂರಿನ್ನೂರು ರೂಪಾಯಿಯ ತೇವಮಾಪಕ ಇಷ್ಟಿದ್ದರೆ ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿಯಾಗುವವರೆಗೆ ಬಿಸಿ ಮಾಡಿ, ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಮಿಕ್ಸರಿಗೆ ಹತ್ತಿಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ.

ಹತ್ತು ನಿಮಿಷದ ಆಡಿಯೊ

ಒಂದೂವರೆ ಗಂಟೆಯ ವಿಡಿಯೊಗಿಂತ ಹತ್ತು ನಿಮಿಷದ ಪ್ರಸಂಗದ ಆಡಿಯೊ ಹೆಚ್ಚು ದೂರ ಹೋಗುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಅದು ಇಳಿಯುತ್ತದೆ, ಕಾಫಿ ಕೊಯ್ಯುತ್ತಾ ಕೇಳಬಹುದು, ಕಣ್ಣು ಮಂಜಾದ ಅಜ್ಜಿಗೂ ತೊಂದರೆಯಿಲ್ಲ.

ಬೆಂಚಿನ ಮೇಲೆ ಫೋನಿಟ್ಟು ರೆಕಾರ್ಡ್ ಮಾಡಬೇಡಿ. ಮಿಕ್ಸರಿನಲ್ಲಿ ಯುಎಸ್‌ಬಿ ಇದ್ದರೆ ನೇರ ಲ್ಯಾಪ್‌ಟಾಪಿಗೆ ಕೊಡಿ. ಇಲ್ಲದಿದ್ದರೆ ಮಿಕ್ಸರಿನಲ್ಲಿ ರೆಕಾರ್ಡಿಂಗಿಗೆಂದೇ ಇರುವ ರೆಕ್ ಔಟಿನಿಂದ ಚಿಕ್ಕ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮೂಲಕ ತನ್ನಿ. ಮಿಕ್ಸರಿನ ಲೈನ್ ಸಿಗ್ನಲ್ಲನ್ನು ಫೋನಿನ ಮೈಕ್ ತೂತಿಗೇ ಸಿಕ್ಕಿಸಿದರೆ ದನಿ ಹರಿದ ತಗಡಿನಂತೆ ಬರುತ್ತದೆ, ಲೈನಿನ ಬಲ ಮೈಕಿನದಕ್ಕಿಂತ ಎಷ್ಟೋ ಹೆಚ್ಚು.

ಮುಖ್ಯ ಔಟ್‌ಪುಟ್ಟನ್ನೇ ರೆಕಾರ್ಡ್ ಮಾಡಿದರೆ ಇನ್ನೊಂದು ಎಡವಟ್ಟು. ಚರ್ಚಿನೊಳಗೆ ತಬಲಾ, ಜನರ ಹಾಡು ತಾವಾಗಿಯೇ ಕೇಳಿಸುವುದರಿಂದ ಮಿಕ್ಸರಿನಲ್ಲಿ ಅವನ್ನು ಏರಿಸಿರುವುದೇ ಇಲ್ಲ. ರೆಕಾರ್ಡಿಂಗಿನಲ್ಲಿ ಕೀಬೋರ್ಡು ಅಬ್ಬರಿಸುತ್ತದೆ, ಸಭೆಯೇ ಇಲ್ಲದ ಖಾಲಿ ಚರ್ಚಿನಂತೆ ಕೇಳುತ್ತದೆ. ಅದಕ್ಕೆ ಆಕ್ಸ್ ಔಟನ್ನು (ಸ್ಪೀಕರಿಗಿಂತ ಬೇರೆ ಹದದಲ್ಲಿ ದನಿ ಕೊಡುವ ಔಟ್‌ಪುಟ್) ರೆಕಾರ್ಡಿಂಗಿಗೇ ಮೀಸಲಿಡಿ, ಜನರ ಕಡೆ ತಿರುಗಿಸಿದ ಒಂದು ಮೈಕನ್ನು ಆಕ್ಸಿಗೆ ಮಾತ್ರ ಕೊಡಿ, ಸ್ಪೀಕರಿಗೆ ಬೇಡ.

ನಂತರ ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ತೆರೆದು, ಆರಂಭದ ಕೆಮ್ಮು, ಕೊನೆಯ ಪ್ರಕಟಣೆ ಕತ್ತರಿಸಿ, ಲೌಡ್‌ನೆಸ್ ನಾರ್ಮಲೈಸೇಶನ್ ಆಯ್ಕೆಯಲ್ಲಿ -16 ಎಲ್‌ಯುಎಫ್‌ಎಸ್ (ಒಟ್ಟು ದನಿಯ ಮಟ್ಟದ ಅಳತೆ) ಕೊಟ್ಟು, ಮೋನೊ ಎಂಪಿ3 ಆಗಿ 48 ಕೆಬಿಪಿಎಸ್‌ನಲ್ಲಿ ಉಳಿಸಿ. ಹತ್ತು ನಿಮಿಷಕ್ಕೆ 3.6 ಎಂಬಿ ಆಗುತ್ತದೆ. ಫೈಲಿಗೆ ‘ಆಡಿಯೊ_ಫೈನಲ್_ಹೊಸದು’ ಎಂದಲ್ಲ, ದಿನಾಂಕ ಮತ್ತು ವಾಚನದ ಅಧ್ಯಾಯ ಇರುವ ಹೆಸರು ಕೊಡಿ. ಕೇಳುವವರು ಮುಂದಿನ ವರ್ಷವೂ ಹುಡುಕಬಹುದು.

ವಾಟ್ಸಾಪ್: ಬರೆಯುವ ಮುನ್ನ ಎಣಿಸಿ

ಗುಂಪು, ಬ್ರಾಡ್‌ಕಾಸ್ಟ್, ಚಾನೆಲ್ ಮೂರೂ ಬೇರೆ ಬೇರೆ. ಗುಂಪಿನಲ್ಲಿ 1024 ಜನರವರೆಗೆ ಸೇರಬಹುದು, ಆದರೆ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳ ನಂಬರಿಗೆ ಬೇಡದ ಮೆಸೇಜು ಬರಲು ಇಷ್ಟು ಸಾಕು. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಕಳಿಸುವವರ ನಂಬರನ್ನು ಪಡೆಯುವವರು ಸೇವ್ ಮಾಡಿಕೊಂಡಿರದಿದ್ದರೆ ಸಂದೇಶ ಹೋಗುವುದೇ ಇಲ್ಲ. ‘ನಮಗೆ ಬರಲಿಲ್ಲ’ ಎಂಬ ದೂರು ಬಂದರೆ ಮೊದಲು ನೋಡಬೇಕಾದದ್ದು ಅದನ್ನೇ. ಚಾನೆಲ್ಲಿನಲ್ಲಿ ಹಿಂಬಾಲಿಸುವವರ ನಂಬರು ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ಉತ್ತರ ಬರೆಯುವಂತೆಯೂ ಇಲ್ಲ. ಸಾರ್ವಜನಿಕ ಪ್ರಕಟಣೆ, ಆಡಿಯೊಗೆ ಚಾನೆಲ್. ವಾರ್ಡು ಅಥವಾ ಕುಟುಂಬ ಪ್ರಾರ್ಥನಾ ಕೂಟದ ಮಟ್ಟಕ್ಕೆ ಚಿಕ್ಕ ಗುಂಪು. ಹೀಗೆ ಹಂಚಿಕೊಂಡರೆ ಗುಡ್ ಮಾರ್ನಿಂಗ್ ಹೂಗುಚ್ಛಗಳ ನಡುವೆ ಅಂತ್ಯಕ್ರಿಯೆಯ ಸಮಯ ಕಳೆದುಹೋಗುವುದಿಲ್ಲ.

ಸಂದೇಶ ಬರೆಯುವುದನ್ನು ಹತ್ತಿರದಿಂದ ನೋಡೋಣ. ಸಾಮಾನ್ಯವಾಗಿ ಬರುವುದು ಹೀಗೆ: ‘ಕ್ರಿಸ್ತನಲ್ಲಿ ಪ್ರಿಯರೇ, ತಮ್ಮೆಲ್ಲರಿಗೂ ವಂದನೆಗಳು. ಈ ಮೂಲಕ ತಿಳಿಯಪಡಿಸುವುದೇನೆಂದರೆ, ಪ್ರತಿಕೂಲ ಹವಾಮಾನದ ಕಾರಣದಿಂದಾಗಿ ನಾಳಿನ ಪೂಜೆಯ ವೇಳೆಯಲ್ಲಿ ಬದಲಾವಣೆ ಮಾಡಲಾಗಿದ್ದು...’ ಫೋನಿನ ನೋಟಿಫಿಕೇಶನ್ನಿನಲ್ಲಿ ಕಾಣುವುದು ಮೊದಲ ಸಾಲು ಮಾತ್ರ, ಇಲ್ಲಿ ಅದು ಬರೀ ವಂದನೆಗೇ ಮುಗಿಯಿತು. ಇದನ್ನು ಹೀಗೆ ಬರೆಯಿರಿ:

‘ನಾಳೆ ಭಾನುವಾರ ಪೂಜೆ 7ಕ್ಕಲ್ಲ, 9 ಗಂಟೆಗೆ. ಹೊಳೆ ರಸ್ತೆ ಮುಳುಗಿದೆ, ಮೇಲಿನ ತೋಟದ ದಾರಿಯಲ್ಲಿ ಬನ್ನಿ. ಜೀಪು 8.15ಕ್ಕೆ ಶಾಲೆ ಗೇಟಿನಿಂದ. ಬರಲಾಗದವರಿಗೆ ಆಡಿಯೊ ಮಧ್ಯಾಹ್ನ 1ಕ್ಕೆ. ವಂದನೆಗಳು.’

ದಿನ, ಹೊತ್ತು, ಜಾಗ ಮೊದಲು, ವಂದನೆ ಕೊನೆಗೆ. ಹಿರಿಯರಿಗೆ ಇದು ಒರಟೆನಿಸಬಹುದು, ಒಂದೆರಡು ತಿಂಗಳಲ್ಲಿ ಒಗ್ಗಿಹೋಗುತ್ತದೆ. ಬಣ್ಣದ ಪೋಸ್ಟರಿನೊಳಗೆ ಮಾತ್ರ ಸಮಯ ಬರೆದು ಕಳಿಸಬೇಡಿ. ಸಿಗ್ನಲ್ ಇಲ್ಲದ ಕಡೆ ಚಿತ್ರ ಮಸುಕಾಗಿಯೇ ಉಳಿಯುತ್ತದೆ, ಅಕ್ಷರದ ಸಂದೇಶ ತಲುಪುತ್ತದೆ.

ಕೊಡಗಿನ ಒಂದೇ ಧರ್ಮಕೇಂದ್ರದಲ್ಲಿ ಕನ್ನಡ, ಮಲಯಾಳಂ, ಕೊಂಕಣಿ, ತಮಿಳು ಮಾತಾಡುವ ಮನೆಗಳು ಇರುತ್ತವೆ. ನಾಲ್ಕು ಭಾಷೆಯನ್ನೂ ಒಂದೇ ಸಂದೇಶದಲ್ಲಿ ಒಂದರ ಕೆಳಗೊಂದು ಜೋಡಿಸಿದರೆ ಯಾರೂ ಪೂರ್ತಿ ಓದುವುದಿಲ್ಲ. ಬರಹ ಕನ್ನಡದಲ್ಲಿರಲಿ, ಉಳಿದ ಭಾಷೆಗಳಲ್ಲಿ ಆ ಮನೆಮಾತಿನವರೇ ಮೂವತ್ತು ಸೆಕೆಂಡಿನ ವಾಯ್ಸ್ ನೋಟ್ ಕಳಿಸಲಿ. ಓದು ಬಾರದವರಿಗೂ ಅದೇ ದಾರಿ. ಕೀಪ್ಯಾಡ್ ಫೋನಿನವರಿಗೆ ಬಲ್ಕ್ ಎಸ್ಸೆಮ್ಮೆಸ್ ಕಳಿಸಲು ಟೆಲಿಕಾಂ ನಿಯಂತ್ರಕ ಟ್ರಾಯ್ ನಿಯಮದಂತೆ ಡಿಎಲ್‌ಟಿ ನೋಂದಣಿ (ಕಳಿಸುವವರ ಹೆಸರು, ಸಂದೇಶದ ಮಾದರಿ ಮೊದಲೇ ದಾಖಲಿಸುವುದು) ಬೇಕು. ಸಣ್ಣ ಚರ್ಚಿಗೆ ಅದು ತಲೆನೋವು, ಒಬ್ಬರು ಎಂಟು ಮನೆಗೆ ಫೋನ್ ಮಾಡುವ ಸರಪಳಿಯೇ ವಾಸಿ.

ನೇರಪ್ರಸಾರ

ಯೂಟ್ಯೂಬಿನಲ್ಲಿ ಲೈವ್ ಸೌಲಭ್ಯ ಮೊದಲ ಸಲ ತೆರೆಯಲು ಫೋನ್ ನಂಬರಿನ ದೃಢೀಕರಣ ಬೇಕು, ಅದು ಜಾರಿಗೆ ಬರಲು 24 ಗಂಟೆವರೆಗೆ ಹಿಡಿಯಬಹುದು. ಕ್ರಿಸ್ಮಸ್ ಜಾಗರಣೆಯ ಸಂಜೆ ಹೊಸ ಚಾನೆಲ್ ತೆರೆಯುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಫೋನಿನ ಆ್ಯಪಿನಿಂದಲೇ ಲೈವ್ ಮಾಡಲು ಕನಿಷ್ಠ 50 ಚಂದಾದಾರರು ಬೇಕು. ಲ್ಯಾಪ್‌ಟಾಪಿನಲ್ಲಿ ಉಚಿತ ತಂತ್ರಾಂಶ ಒಬಿಎಸ್ ಬಳಸಿದರೆ ಈ ಷರತ್ತಿಲ್ಲ.

ಒಂದು ವಾರ ಮುಂಚೆ, ಅದೇ ಹೊತ್ತಿನಲ್ಲಿ, ಕ್ಯಾಮೆರಾ ಇಡುವ ಜಾಗದಲ್ಲೇ ಮೂರು ಸಲ ಸ್ಪೀಡ್ ಟೆಸ್ಟ್ ಮಾಡಿ. ನೋಡಬೇಕಾದ್ದು ಡೌನ್‌ಲೋಡ್ ಅಲ್ಲ, ಅಪ್‌ಲೋಡ್. ಮೂರರಲ್ಲಿ ಕಡಿಮೆ ಬಂದದ್ದರ ಅರ್ಧವನ್ನು ಮಾತ್ರ ನಂಬಿ. 4 ಎಂಬಿಪಿಎಸ್ ಬಂದರೆ ಒಬಿಎಸ್‌ನಲ್ಲಿ 720ಪಿ, 30 ಫ್ರೇಮ್, ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) 2000 ಕೆಬಿಪಿಎಸ್ ಇಡಿ. 2 ಎಂಬಿಪಿಎಸ್ ಬಂದರೆ 480ಪಿ, 1000 ಕೆಬಿಪಿಎಸ್. ಒಬಿಎಸ್‌ನ ಸೆಟ್ಟಿಂಗಿನಲ್ಲಿ ರೇಟ್ ಕಂಟ್ರೋಲ್ ಸಿಬಿಆರ್ (ಬಿಟ್‌ರೇಟ್ ಒಂದೇ ಸಮ ಇರುವ ಆಯ್ಕೆ), ಕೀಫ್ರೇಮ್ 2 ಸೆಕೆಂಡ್, ಆಡಿಯೊ 128 ಕೆಬಿಪಿಎಸ್ ಇರಲಿ. ಅಪ್‌ಲೋಡ್ 1ಕ್ಕಿಂತ ಕೆಳಗಿದ್ದರೆ ಲೈವ್ ಆಸೆ ಬಿಡಿ, ರೆಕಾರ್ಡ್ ಮಾಡಿ ಪೇಟೆಗೆ ಹೋದಾಗ ಏರಿಸಿ. 720ಪಿ ಲೆಕ್ಕದಲ್ಲಿ ಗಂಟೆಗೆ ಸುಮಾರು 1 ಜಿಬಿ ಡೇಟಾ ಖರ್ಚಾಗುತ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನವರು ಬೆಳಿಗ್ಗೆ ರೀಲ್ಸ್ ನೋಡದಿರಲಿ.

ಮೊಬೈಲ್ ಡೇಟಾ ಬಳಸುವುದಾದರೆ ಆ ಫೋನನ್ನು ಸಿಗ್ನಲ್ ಬರುವ ಕಿಟಕಿಯಲ್ಲಿಟ್ಟು ಲ್ಯಾಪ್‌ಟಾಪಿಗೆ ಯುಎಸ್‌ಬಿ ಕೇಬಲಿನಲ್ಲೇ ಜೋಡಿಸಿ. ಆ ಸಿಮ್ಮಿಗೆ ಬರುವ ಕರೆಗಳನ್ನು ಬೇರೆ ನಂಬರಿಗೆ ತಿರುಗಿಸಿ. ಒಬಿಎಸ್‌ನಲ್ಲಿ ಡ್ರಾಪ್ಡ್ ಫ್ರೇಮ್ (ಕಳಿಸಲಾಗದೆ ಬಿಟ್ಟುಹೋದ ಚಿತ್ರಗಳು) ಸಂಖ್ಯೆ ಏರುತ್ತಿದ್ದರೆ ತಪ್ಪು ಲ್ಯಾಪ್‌ಟಾಪಿನದ್ದಲ್ಲ, ನೆಟ್ಟಿನದ್ದು, ಬಿಟ್‌ರೇಟ್ ಇಳಿಸಿ. ಜೊತೆಗೆ ರೆಕಾರ್ಡಿಂಗನ್ನೂ ಒತ್ತಿಡಿ, ಲೈವ್ ಕಡಿದರೂ ಪ್ರಸಂಗ ಉಳಿಯುತ್ತದೆ.

ಪೀಠದ ಹಿಂದೆ ಕಿಟಕಿ ಇರುವ ಚರ್ಚುಗಳಲ್ಲಿ ಗುರುಗಳ ಮುಖ ಕಪ್ಪು ನೆರಳಾಗುತ್ತದೆ. ಫೋನಿನ ಪರದೆಯಲ್ಲಿ ಮುಖದ ಮೇಲೆ ಬೆರಳು ಒತ್ತಿಹಿಡಿದು ಬೆಳಕು ಲಾಕ್ ಮಾಡಿ. ಸ್ಟ್ಯಾಂಡ್ ಒಂದೇ ಕಡೆ ಇರಲಿ. ಬಲಿಪೂಜೆಯ ನಡುವೆ ಕ್ಯಾಮೆರಾ ಹಿಡಿದು ಓಡಾಡುವವರಿಂದ ಮನೆಯಲ್ಲಿ ಕೂತವರಿಗಾಗುವ ಲಾಭಕ್ಕಿಂತ ಬೆಂಚಿನಲ್ಲಿ ಕೂತವರಿಗಾಗುವ ತೊಂದರೆ ದೊಡ್ಡದು.

ಪರದೆಯ ಮೇಲಿನ ಕನ್ನಡ, ಪತ್ರಿಕೆ, ಆಕಾಶವಾಣಿ

ಹಾಡಿನ ಸಾಲು ತೋರಿಸಲು ಓಪನ್‌ಎಲ್‌ಪಿ ತಂತ್ರಾಂಶ ಉಚಿತ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಾಡುಗಳನ್ನು ಅಂಟಿಸಿದರೆ ಅಕ್ಷರ ಚೆಲ್ಲಾಪಿಲ್ಲಿ. ಮೊದಲು ಎಲ್ಲ ಕಂಪ್ಯೂಟರು, ಫೋನುಗಳೂ ಓದಬಲ್ಲ ಯುನಿಕೋಡಿಗೆ ಪರಿವರ್ತಿಸಿ. ಒಂದು ಸ್ಲೈಡಿಗೆ ನಾಲ್ಕು ಸಾಲು ಮೀರದಿರಲಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಡಿ, ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗಬಾರದು. ಹಗಲು ಬೆಳಕು ನುಗ್ಗುವ ಚರ್ಚಿಗೆ ಅಗ್ಗದ ಪ್ರೊಜೆಕ್ಟರಿಗಿಂತ 55 ಇಂಚಿನ ಟಿವಿ ಮೇಲು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಮುಂದಿನ ದಶಕದಲ್ಲಿ ಕೊಡಗಿಗೇ ಬಂದು ಕೆಲಸ ಮಾಡಿದವರು. ಆ ಪತ್ರಿಕೆಯಲ್ಲಿ ಧರ್ಮದ ಮಾತಿನ ಜೊತೆ ಊರ ಸುದ್ದಿಯೂ ಇತ್ತು. ಇಂದಿಗೂ ಅದೇ ಹದ. ಮಡಿಕೇರಿಯಿಂದ ಬರುವ ‘ಶಕ್ತಿ’ಯಂಥ ದಿನಪತ್ರಿಕೆಗೆ ಕಳಿಸುವಾಗ ಊರಿಗೆಲ್ಲ ಸಂಬಂಧಿಸಿದ್ದನ್ನು, ಅಂದರೆ ರಕ್ತದಾನ, ಪ್ರವಾಹದ ನೆರವು, ಹಬ್ಬದ ದಿನದ ಸಂಚಾರ ಬದಲಾವಣೆಯನ್ನು 150 ಪದದಲ್ಲಿ ಯುನಿಕೋಡಿನಲ್ಲಿ ಬರೆದು, ಒಂದೇ ಫೋಟೊ ಜೊತೆ, ಸಂಜೆಯೊಳಗೆ ಕಳಿಸಿ. ಫೋಟೊವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟಾಗಿ ಕಳಿಸಿ, ಹಾಗೆಯೇ ಕಳಿಸಿದರೆ ಕುಗ್ಗಿ ಅಚ್ಚಿನಲ್ಲಿ ಮಸುಕಾಗುತ್ತದೆ. ಮಡಿಕೇರಿ ಆಕಾಶವಾಣಿ 103.1 ಎಫ್‌ಎಂನಲ್ಲಿ ಕ್ರಿಸ್ಮಸ್ ಚಿಂತನ, ಗಾಯನಕ್ಕೆ ಅವಕಾಶ ಕೇಳುವುದಿದ್ದರೆ ತಿಂಗಳುಗಳ ಮುಂಚೆಯೇ ಬರೆಯಿರಿ.

ಅನುಮತಿ, ಹಾಡು, ಕಾಣಿಕೆ

ಹೊರಗಿನ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬಗಳಿಗೆ 12ರವರೆಗೆ ಸಡಿಲಿಸಬಹುದು. ಜಾಗರಣೆಯ ಪೂಜೆ ನಡುರಾತ್ರಿ ದಾಟುವುದಾದರೆ ಹೊರಗಿನ ಹಾರ್ನ್ ಆರಿಸಿ ಒಳಗಿನದಷ್ಟೇ ನಡೆಸಿ.

ಧಾರ್ಮಿಕ ವಿಧಿಯ ಭಾಗವಾಗಿ ಹಾಡುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ವಿನಾಯಿತಿ ಇದೆ. ಆದರೆ ಅದೇ ಹಾಡು ಯೂಟ್ಯೂಬಿಗೆ ಏರಿದಾಗ ಅಲ್ಲಿನ ಯಂತ್ರ ಈ ವಿನಾಯಿತಿ ನೋಡುವುದಿಲ್ಲ. ಕ್ಯಾಸೆಟ್ಟಿನ ಟ್ರ್ಯಾಕ್ ಹಾಕಿ ಹಾಡಿದರೆ ದನಿ ಕತ್ತರಿಸಬಹುದು. ನಿಮ್ಮದೇ ಗಾಯನವೃಂದ, ನಿಮ್ಮದೇ ವಾದ್ಯ ಇದ್ದರೆ ಈ ರಗಳೆ ಕಡಿಮೆ. ಮಕ್ಕಳ ಮೊದಲ ಪರಮಪ್ರಸಾದ, ಭಾನುವಾರದ ಶಾಲೆಯ ಚಿತ್ರ ಹಾಕುವ ಮುನ್ನ ಹೆತ್ತವರ ಒಪ್ಪಿಗೆ ಕಾಗದದ ಮೇಲೆ ಪಡೆಯಿರಿ, ಹೆಸರು ಮತ್ತು ಶಾಲೆಯ ವಿವರ ಬರೆಯಬೇಡಿ. ರೋಗಿಗಳಿಗಾಗಿ ಪ್ರಾರ್ಥನೆ ಕೇಳುವಾಗ ಕಾಯಿಲೆಯ ಹೆಸರು ಬೇಡ.

ಕಾಣಿಕೆಯ ಕ್ಯೂಆರ್ ಕೋಡು ಚರ್ಚಿನ ಖಾತೆಯದ್ದೇ ಆಗಿರಲಿ, ಖಜಾಂಚಿಯ ಸ್ವಂತ ಫೋನಿನದಲ್ಲ. ಭಾರತದ ಪಾಸ್‌ಪೋರ್ಟ್ ಹೊಂದಿ ಕೊಲ್ಲಿಯಲ್ಲಿ ದುಡಿಯುವವರು ಸ್ವಂತ ಉಳಿತಾಯದಿಂದ ಕಳಿಸುವುದು ವಿದೇಶಿ ದೇಣಿಗೆಯಲ್ಲ. ವಿದೇಶದ ಪೌರತ್ವ ಪಡೆದವರು ಕಳಿಸಿದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕೇ ಬೇಕು. ಲೈವಿನ ಕೆಳಗೆ ಕ್ಯೂಆರ್ ಹಾಕುವ ಮುನ್ನ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.

ಕೊನೆಯದು ಪಾಸ್‌ವರ್ಡ್. ಚಾನೆಲ್ ತೆರೆದ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಾಗ, ಗುರುಗಳಿಗೆ ವರ್ಗವಾದಾಗ, ಚಾನೆಲ್ಲೂ ಅವರ ಜೊತೆ ಹೋಗುತ್ತದೆ. ಚರ್ಚಿನ ಹೆಸರಿನಲ್ಲೇ ಒಂದು ಸಿಮ್, ಒಂದು ಇಮೇಲ್ ಮಾಡಿಸಿ. ಚಾನೆಲ್ಲಿಗೆ ಕನಿಷ್ಠ ಇಬ್ಬರು ಮಾಲೀಕರಿರಲಿ. ಪಾಸ್‌ವರ್ಡ್ ಮತ್ತು ಬ್ಯಾಕಪ್ ಕೋಡುಗಳನ್ನು ಬರೆದು, ಲಕೋಟೆಗೆ ಹಾಕಿ, ಜ್ಞಾನಸ್ನಾನದ ರಿಜಿಸ್ಟರ್ ಇಡುವ ಕಪಾಟಿನಲ್ಲೇ ಬೀಗ ಹಾಕಿಡಿ. ಸಿಮ್ಮಿಗೆ ರೀಚಾರ್ಜ್ ಮಾಡಿಸುವ ತಾರೀಖನ್ನು ಲಕೋಟೆಯ ಮೇಲೇ ಬರೆಯಿರಿ.